ಡೀಸೆಲ್ ಕಾರಿನ ಜಾರಾಟ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಬಕವಿ-ಬನಹಟ್ಟಿಯಿಂದ ತೇರದಾಳದ ಕಡೆಗೆ, ಜಮಖಂಡಿಯ ಕಡೆಗೆ ಹೋಗುವ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದ್ದೇ ರಾಜ್ಯ. ಒಂದೊಂದರ ಬೆನ್ನಿಗೂ ಎರಡೆರಡು ಟ್ರೇಲರ್, ಅದರ ತುಂಬ ಆಕಾಶ ಮುಟ್ಟುವಂತೆ ಕಬ್ಬು. ಹೊಲದಿಂದ ಡಾಂಬರು ರಸ್ತೆಗೆ ಏರುವಾಗ ಗಾಲಿಗೆ ಮೆತ್ತಿಕೊಂಡ ಎರೆಮಣ್ಣು ಹೆಂಟೆಹೆಂಟೆಯಾಗಿ ರಸ್ತೆಯ ಮೇಲೆ ಉದುರುತ್ತದೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿತ್ತೋ, ಮುಗಿಯಿತು! ಬೈಕಿನವನು ಎರಡೂ ಕಾಲು ಕೆಳಗಿಟ್ಟು ತೆವಳುತ್ತಾನೆ, ಸೈಕಲ್ಲಿನವನು ಇಳಿದೇ ನಡೆಯುತ್ತಾನೆ. ಜಾರುವುದೆಂದರೆ ಏನೆಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಅದೇ ಊರಿನ ಮನೆಯೊಳಗೆ, ಮಗ್ಗದ ಲಟಪಟ ಸದ್ದಿನ ನಡುವೆ, ಹೈಸ್ಕೂಲಿನ ಹುಡುಗನೊಬ್ಬ ಗೋಡೆಗೆ ಒರಗಿ ಕುಳಿತು ಪರದೆಯ ಮೇಲೆ ಕಾರೊಂದನ್ನು ಬೇಕೆಂದೇ ಜಾರಿಸುತ್ತಿರುತ್ತಾನೆ. ತಿರುವು ಬಂದೊಡನೆ ಕಾರಿನ ಹಿಂಭಾಗ ಹೊರಗೆ ಹಾಯುತ್ತದೆ, ಗಾಲಿಗಳಿಂದ ಹೊಗೆ ಏಳುತ್ತದೆ, ಕಾರು ಅಡ್ಡಡ್ಡವಾಗಿಯೇ ತಿರುವನ್ನು ದಾಟುತ್ತದೆ. ಮೂಲೆಯಲ್ಲಿ ಅಂಕಗಳು ಏರುತ್ತವೆ. ಇದಕ್ಕೆ ಡ್ರಿಫ್ಟ್ ಎಂದು ಹೆಸರು. ಒಳಗಿನಿಂದ ತಾಯಿಯ ದನಿ ಕೇಳುತ್ತದೆ: ‘ಏನೋ ತಮ್ಮಾ, ದಿನಾ ಅದ ಕಾರು, ಅದ ತಿರುವು. ಪರೀಕ್ಷಾದಾಗ ಇದನ್ನ ಕೇಳ್ತಾರೇನು?’

ಕೇಳುತ್ತಾರೆ! ಘರ್ಷಣೆ, ವೃತ್ತೀಯ ಚಲನೆ, ಜಡತ್ವ, ಗುರುತ್ವ ಕೇಂದ್ರ ಎಂಬ ಹೆಸರುಗಳಲ್ಲಿ ಕೇಳುತ್ತಾರೆ. ಹುಡುಗ ಆಡುತ್ತಿರುವುದು ಈ ನಾಲ್ಕು ಪಾಠಗಳ ಜೊತೆಗೇ. ಆದರೆ ಅದು ಅವನಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

ಈ ಆಟದಲ್ಲಿ ಸಾಮಾನ್ಯವಾಗಿ ಎಲ್ಲರೂ ಆರಿಸಿಕೊಳ್ಳುವುದು ಜಪಾನಿನ ಹಗುರ ಪೆಟ್ರೋಲ್ ಕಾರುಗಳನ್ನು. ಡ್ರಿಫ್ಟ್ ಹುಟ್ಟಿದ್ದೇ ಅಲ್ಲಿ. 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಎಂಬ ಪಂದ್ಯಗಾರ ತಿರುವುಗಳಲ್ಲಿ ಕಾರನ್ನು ಜಾರಿಸಿ ಓಡಿಸುವುದಕ್ಕೆ ಹೆಸರಾದ. ಅವನನ್ನು ನೋಡಿ ಕಲಿತ ಕೇಯಿಚಿ ತ್ಸುಚಿಯಾ ಘಟ್ಟದ ದಾರಿಗಳಲ್ಲಿ ಅದನ್ನೇ ಒಂದು ಕಲೆಯಾಗಿಸಿದ. ತ್ಸುಚಿಯಾನ ಹೆಸರಿನೊಂದಿಗೆ ಅಂಟಿಕೊಂಡ ಕಾರು ಟೊಯೊಟಾದ ಎಇ-86. ಒಂದು ಟನ್ನಿಗೂ ಕಡಿಮೆ ತೂಕ, 1.6 ಲೀಟರಿನ ಪೆಟ್ರೋಲ್ ಎಂಜಿನ್, ಹಿಂದಿನ ಗಾಲಿಗಳಿಗೆ ಶಕ್ತಿ.

ಆದರೆ ಕೆಲವು ಆಟಗಾರರಿಗೆ ಇದು ಸಪ್ಪೆ ಎನಿಸುತ್ತದೆ. ಅವರು ಹುಡುಕಿ ತೆಗೆಯುವುದು ಯಾರೂ ಮುಟ್ಟದ ಕಾರನ್ನು, ಅಂದರೆ ಡೀಸೆಲ್ ಕಾರನ್ನು. ಗ್ರಾನ್ ಟುರಿಸ್ಮೋ ಎಂಬ ಪ್ರಸಿದ್ಧ ಸರಣಿಯ ಆಟಗಳಲ್ಲಿ ಬಿಎಂಡಬ್ಲ್ಯು 120ಡಿ ಎಂಬ 2004ರ ಮಾದರಿಯ ಕಾರೊಂದಿದೆ. ನೋಡಲು ಪೇಟೆಯಿಂದ ತರಕಾರಿ ತರುವುದಕ್ಕೆ ಮಾಡಿದಂಥ ಪುಟ್ಟ ಕಾರು. ಎರಡು ಲೀಟರಿನ ಟರ್ಬೊ ಡೀಸೆಲ್ ಎಂಜಿನ್. ಈ ಗಾತ್ರದ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಗಳಿಂದ ಓಡುತ್ತವೆ, ಇದು ಮಾತ್ರ ಹಿಂದಿನ ಗಾಲಿಗಳಿಂದ ಓಡುತ್ತದೆ. ಡೀಸೆಲ್ಲೂ ಹೌದು, ಪುಟ್ಟದೂ ಹೌದು, ಹಿಂದಿನ ಗಾಲಿಯ ಎಳೆತವೂ ಹೌದು! ಇಂಥ ವಿಚಿತ್ರ ಜೋಡಣೆ ಅಪರೂಪ. ಜಾರಿಸಲು ಹೊರಟವನಿಗೆ ಇದು ಮೊದಲ ದಿನವೇ ತಲೆನೋವು ತರುತ್ತದೆ. ಆ ತಲೆನೋವಿನಲ್ಲೇ ಪಾಠವಿದೆ.

ಡೀಸೆಲ್ಲಿನ ಸ್ವಭಾವ

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಬೇಕಿರಲಿಲ್ಲ. ಗಾಳಿಯನ್ನು ವಿಪರೀತ ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಯಾರು ಮುಟ್ಟಿ ನೋಡಿಲ್ಲ? ಹಾಗೆ ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತಿದರೆ, ಡೀಸೆಲ್ಲಿನಲ್ಲಿ ಹದಿನಾರು-ಹದಿನೇಳನೆಯ ಒಂದು ಪಾಲಿಗೆ ಒತ್ತುವುದು ಸಾಮಾನ್ಯ. ಈ ಒತ್ತಡ ತಡೆಯಬೇಕೆಂದರೆ ಎಂಜಿನ್ನಿನ ಮೈ ಗಟ್ಟಿಯಾಗಿರಬೇಕು. ಗಟ್ಟಿಯಾದದ್ದು ಭಾರವಾಗುತ್ತದೆ. ಭಾರವಾದದ್ದು ಬಹಳ ವೇಗವಾಗಿ ಸುತ್ತಲಾರದು.

ಹಾಗಾಗಿ ಡೀಸೆಲ್ ಎಂಜಿನ್ ಎತ್ತಿನಂತೆ, ಪೆಟ್ರೋಲ್ ಎಂಜಿನ್ ಕುದುರೆಯಂತೆ. ನಿಧಾನ ಸುತ್ತಿನಲ್ಲೇ ಭಾರೀ ಎಳೆತ ಡೀಸೆಲ್ಲಿನ ಗುಣ. ಈ ಎಳೆತಕ್ಕೆ, ಅಂದರೆ ತಿರುಗಿಸುವ ಸಾಮರ್ಥ್ಯಕ್ಕೆ, ಟಾರ್ಕ್ ಎನ್ನುತ್ತಾರೆ. ಬಾವಿಯ ಗಡಗಡಿಗೆ ಉದ್ದ ಹಿಡಿಕೆ ಹಾಕಿದರೆ ಸಲೀಸಾಗಿ ತಿರುಗುತ್ತದಲ್ಲ, ಅದೂ ಟಾರ್ಕೇ.

ಅಂಕಿಗಳನ್ನೇ ನೋಡಿ. ಎಇ-86ರ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 149 ನ್ಯೂಟನ್-ಮೀಟರ್, ಅದೂ ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದ ಮೇಲೆ. 120ಡಿ ಕಾರಿನದು 340 ನ್ಯೂಟನ್-ಮೀಟರ್, ಅದೂ ಬರೀ ಎರಡು ಸಾವಿರ ಸುತ್ತಿನಲ್ಲಿ! ಎರಡು ಪಟ್ಟಿಗೂ ಹೆಚ್ಚು. ಆದರೆ ಅಶ್ವಶಕ್ತಿಯ ಲೆಕ್ಕಕ್ಕೆ ಬಂದರೆ ಅದು 130, ಇದು 163. ಟಾರ್ಕಿನಲ್ಲಿ ಅಷ್ಟು ಅಂತರವಿದ್ದರೂ ಅಶ್ವಶಕ್ತಿಯಲ್ಲಿ ಇಷ್ಟೇ ಏಕೆ? ಏಕೆಂದರೆ ಅಶ್ವಶಕ್ತಿ ಎಂದರೆ ಟಾರ್ಕನ್ನು ಸುತ್ತಿನ ವೇಗದಿಂದ ಗುಣಿಸಿದ್ದು. ಪೆಟ್ರೋಲ್ ಎಂಜಿನ್ ಏಳು ಸಾವಿರದ ಆಚೆಗೂ ಕೂಗುತ್ತ ಏರುತ್ತದೆ. ಡೀಸೆಲ್ಲಿನ ಬಲ ನಾಲ್ಕು ಸಾವಿರಕ್ಕೇ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಇದರ ಪರಿಣಾಮ ತಿರುವಿನಲ್ಲಿ ತಿಳಿಯುತ್ತದೆ. ಪೆಟ್ರೋಲ್ ಕಾರಿನಲ್ಲಿ ಕಲಿತ ಹುಡುಗ ಡೀಸೆಲ್ ಕಾರನ್ನು ಎರಡನೆಯ ಗೇರಿನಲ್ಲಿ ಜಾರಿಸುತ್ತಾನೆ. ಹಿಂದಿನ ಗಾಲಿಗಳು ಹಿಡಿತ ಬಿಟ್ಟು ಗರಗರ ತಿರುಗತೊಡಗಿದ ಕ್ಷಣದಲ್ಲೇ ಎಂಜಿನ್ ತನ್ನ ಸುತ್ತಿನ ಮಿತಿಗೆ ಬಂದು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಗಾಲಿ ಮತ್ತೆ ನೆಲ ಹಿಡಿಯುತ್ತದೆ, ಕಾರು ಹುಚ್ಚು ಹೋರಿಯಂತೆ ಎದುರು ದಿಕ್ಕಿಗೆ ಎಗರಿ ಬೇಲಿಗೆ ಬಡಿಯುತ್ತದೆ. ಹತ್ತು ಸಲ ಹೀಗಾದ ಮೇಲೆ ಅವನಿಗೆ ಹೊಳೆಯುತ್ತದೆ: ಈ ಕಾರಿಗೆ ಮೂರನೆಯ ಗೇರು ಬೇಕು. ಮೂರನೆಯದರಲ್ಲಿ ಎಂಜಿನ್ ನಿಧಾನ ಸುತ್ತುತ್ತದೆ, ಆದರೂ ಗಾಲಿಯನ್ನು ತಿರುಗಿಸಲು ಟಾರ್ಕ್ ಸಾಕಷ್ಟಿರುತ್ತದೆ. ಜೊತೆಗೆ ಟರ್ಬೊ. ಅದು ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಪಂಖ. ಪೆಡಲು ತುಳಿದ ಮೇಲೆ ಅದು ಎಚ್ಚರಗೊಳ್ಳಲು ಕೊಂಚ ಹೊತ್ತು ಬೇಕು. ಹಾಗಾಗಿ ಬಲ ಬೇಕಾದಾಗ ತುಳಿದರೆ ತಡವಾಯಿತು, ಬೇಕಾಗುವ ಮುಂಚೆಯೇ ತುಳಿದಿರಬೇಕು. ಟ್ರ್ಯಾಕ್ಟರ್ ಓಡಿಸುವ ಯಾವುದೇ ಅನುಭವಿ ಚಾಲಕನನ್ನು ಕೇಳಿ, ಏರು ಬರುವ ಮುಂಚೆಯೇ ಗೇರು ಬದಲಿಸಬೇಕೆಂದು ಅವನೂ ಹೇಳುತ್ತಾನೆ.

ಡೀಸೆಲ್ಲಿಗೂ ಪಂದ್ಯಕ್ಕೂ ಎಣ್ಣೆ-ಸೀಗೆಕಾಯಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1998ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 24 ತಾಸಿನ ಪಂದ್ಯವನ್ನು ಗೆದ್ದದ್ದು ಬಿಎಂಡಬ್ಲ್ಯು 320ಡಿ ಎಂಬ ಡೀಸೆಲ್ ಕಾರು. 2006ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಆಡಿ ಆರ್-10 ಡೀಸೆಲ್ ಕಾರು ಗೆದ್ದು, ಮುಂದಿನ ಎರಡು ವರ್ಷವೂ ಬಿಡಲಿಲ್ಲ. ನಮ್ಮ ದೇಶದಲ್ಲಿ 2010ರಲ್ಲಿ ಡೀಸೆಲ್ ಪೋಲೊ ಕಾರುಗಳದ್ದೇ ಒಂದು ಪಂದ್ಯಸರಣಿ ಶುರುವಾಯಿತು. ರ‍್ಯಾಲಿಪಟು ಗೌರವ್ ಗಿಲ್ ಅವರು ಮಹೀಂದ್ರ ಎಕ್ಸ್‌ಯುವಿ 500 ಎಂಬ ದಢೂತಿ ಡೀಸೆಲ್ ವಾಹನವನ್ನು ಮಣ್ಣುದಾರಿಯ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಓಡಿಸಿ ಗೆದ್ದು ತೋರಿಸಿದರು. ಮದುವೆ ದಿಬ್ಬಣಕ್ಕೆ ಹೋಗುವಂಥ ಆ ಗಾಡಿ ಮಣ್ಣಿನ ತಿರುವಿನಲ್ಲಿ ಅಡ್ಡಡ್ಡ ಹಾಯುವ ದೃಶ್ಯ ಯಾರನ್ನೂ ಬೆರಗುಗೊಳಿಸುವಂಥದು. ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಜಾರುವುದೆಂದರೇನು?

ಕಾರು ತಿರುವಿನಲ್ಲಿ ತಿರುಗುವುದು ಯಾರ ಬಲದಿಂದ? ಎಂಜಿನ್ನಿನ ಬಲದಿಂದ ಅಲ್ಲ, ಸ್ಟಿಯರಿಂಗಿನ ಬಲದಿಂದಲೂ ಅಲ್ಲ. ಗಾಲಿ ಮತ್ತು ರಸ್ತೆಯ ನಡುವಿನ ಘರ್ಷಣೆಯಿಂದ. ನಾಲ್ಕು ಗಾಲಿಗಳೂ ಸೇರಿ ನೆಲಕ್ಕೆ ತಾಗುವ ಜಾಗ ನಾಲ್ಕು ಅಂಗೈಗಳಷ್ಟು. ಬ್ರೇಕು ಹಾಕುವುದಕ್ಕೂ, ವೇಗ ಹೆಚ್ಚಿಸುವುದಕ್ಕೂ, ತಿರುಗುವುದಕ್ಕೂ ಆ ನಾಲ್ಕು ಅಂಗೈಗಳ ಹಿಡಿತವೇ ಬಂಡವಾಳ. ಒಂದಕ್ಕೆ ಹೆಚ್ಚು ಖರ್ಚು ಮಾಡಿದರೆ ಇನ್ನೊಂದಕ್ಕೆ ಕಡಿಮೆ ಉಳಿಯುತ್ತದೆ. ಸಂಬಳದ ಹಣದಂತೆ ಎನ್ನಿ.

ಡ್ರಿಫ್ಟ್ ಮಾಡುವವನು ಈ ಬಂಡವಾಳವನ್ನು ಬೇಕೆಂದೇ ಹಿಂದಿನ ಗಾಲಿಗಳಲ್ಲಿ ದುಂದು ಮಾಡುತ್ತಾನೆ. ಮೊದಲು ಸ್ವಲ್ಪ ಬ್ರೇಕು ಒತ್ತಿ ಕಾರಿನ ಭಾರವನ್ನು ಮುಂದಿನ ಗಾಲಿಗಳ ಮೇಲೆ ವಾಲಿಸುತ್ತಾನೆ. ಬಸ್ಸು ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಹಾಗೆ. ಹಿಂದಿನ ಗಾಲಿಗಳು ಹಗುರಾದ ಆ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿ ಪೆಡಲು ಒತ್ತುತ್ತಾನೆ. ಹಿಂದಿನ ಗಾಲಿಗಳಿಗೆ ಎಂಜಿನ್ನಿನ ಎಳೆತವೇ ಹೆಚ್ಚಾಗಿ, ಪಕ್ಕಕ್ಕೆ ಹಿಡಿದುಕೊಳ್ಳಲು ಹಿಡಿತವೇ ಉಳಿಯುವುದಿಲ್ಲ. ಬಲಕ್ಕೆ ತಿರುಗುವಾಗ ಹಿಂಭಾಗ ಎಡಕ್ಕೆ ಹಾಯುತ್ತದೆ. ಆಗ ಅವನು ಸ್ಟಿಯರಿಂಗನ್ನು ಎಡಕ್ಕೇ ತಿರುಗಿಸುತ್ತಾನೆ! ನೋಡುವವರಿಗೆ ಹುಚ್ಚಾಟ ಎನಿಸಿದರೂ ಅದೇ ಸರಿ. ಕಾರಿನ ಮೂತಿ ಒಂದು ಕಡೆ ನೋಡುತ್ತಿದ್ದರೂ ಮುಂದಿನ ಗಾಲಿಗಳು ಕಾರು ನಿಜವಾಗಿ ಸಾಗುತ್ತಿರುವ ದಿಕ್ಕನ್ನೇ ನೋಡುತ್ತಿರಬೇಕು. ಮುಂದಿನ ಗಾಲಿಯಿಂದ ಓಡುವ ಕಾರುಗಳಲ್ಲಿ, ಉದಾಹರಣೆಗೆ 1998ರಲ್ಲಿ ಬಂದ ಟಾಟಾ ಇಂಡಿಕಾದಲ್ಲಿ, ಎಂಜಿನ್ನಿನ ಬಲದಿಂದ ಹೀಗೆ ಹಿಂಭಾಗವನ್ನು ಜಾರಿಸುತ್ತ ಹೋಗಲು ಆಗದು. ಹ್ಯಾಂಡ್‌ಬ್ರೇಕ್ ಎಳೆದು ಒಮ್ಮೆ ಹಾಯಿಸಬಹುದು, ಅಷ್ಟೇ.

ಡೀಸೆಲ್ ಕಾರಿನ ಮುಂಭಾಗದಲ್ಲಿ ಭಾರ ಹೆಚ್ಚು. ಆದ್ದರಿಂದ ಅದು ತಿರುವಿನಲ್ಲಿ ಮೊದಲು ಮೂತಿಯನ್ನೇ ಹೊರಕ್ಕೆ ಜಾರಿಸಲು ನೋಡುತ್ತದೆ. ಬ್ರೇಕಿನ ಹದ ತಿಳಿಯದವನಿಗೆ ಅದು ಬಗ್ಗುವುದಿಲ್ಲ. ಪೆಟ್ರೋಲ್ ಕಾರಿನಲ್ಲಿ ತಪ್ಪು ಮುಚ್ಚಿಹೋಗುತ್ತದೆ, ಡೀಸೆಲ್ಲಿನಲ್ಲಿ ತಪ್ಪು ಎದ್ದು ಕಾಣುತ್ತದೆ. ಇದಕ್ಕೇ ಇರಬೇಕು, ಕೆಲವರು ಅದರ ಬೆನ್ನು ಹತ್ತುವುದು.

ಪರದೆಯ ಹಿಂದಿನ ಲೆಕ್ಕ

ಇಷ್ಟೆಲ್ಲ ಆಟದೊಳಗೆ ಹೇಗೆ ಬಂತು? ಒಳ್ಳೆಯ ಆಟಗಳಲ್ಲಿ ಕಾರು ಬರೀ ಚಿತ್ರವಲ್ಲ, ಸಮೀಕರಣಗಳ ಗಂಟು. ಪ್ರತಿ ಗಾಲಿಯ ಮೇಲೆ ಎಷ್ಟು ಭಾರ, ಅದು ಸಾಗುವ ದಿಕ್ಕಿಗೂ ನೋಡುವ ದಿಕ್ಕಿಗೂ ಎಷ್ಟು ಕೋನ, ಎಷ್ಟು ಹಿಡಿತ ಉಳಿದಿದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತಲೇ ಇರುತ್ತದೆ. ಬೀಮ್‌ಎನ್‌ಜಿ ಡ್ರೈವ್ ಎಂಬ ಆಟದಲ್ಲಿ ಈ ಲೆಕ್ಕ ಸೆಕೆಂಡಿಗೆ ಎರಡು ಸಾವಿರ ಸಲ ನಡೆಯುತ್ತದೆ. ನ್ಯೂಟನ್ನನ ನಿಯಮಗಳನ್ನು ಸೆಕೆಂಡಿಗೆ ಎರಡು ಸಾವಿರ ಸಲ ಬಿಡಿಸುವ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ!

ಈ ಕಸುಬು ಕನ್ನಡ ನಾಡಿಗೆ ಹೊರಗಿನದೇನೂ ಅಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ದೇಶದ ಮೊದಲ ವಿಡಿಯೊ ಗೇಮ್ ಸಂಸ್ಥೆಗಳಲ್ಲೊಂದು. ಫೋರ್ಜಾ ಹೊರೈಜನ್‌ನಂಥ ಜಗತ್ಪ್ರಸಿದ್ಧ ಕಾರಿನ ಆಟಗಳ ಚಿತ್ರಣದಲ್ಲಿ ಅಲ್ಲಿನ ಕಲಾವಿದರ ಕೈಯಿದೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಎಂಬ ದೊಡ್ಡ ಸಂಸ್ಥೆ ಕೊಂಡುಕೊಂಡಿತು. ಹಾಗೆಂದು ಪರದೆ ಹಿಡಿದ ಮಕ್ಕಳೆಲ್ಲ ನಾಳೆ ಅಲ್ಲಿ ಕೆಲಸಕ್ಕೆ ಸೇರುತ್ತಾರೆಂದು ಪಾಲಕರು ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ. ಕಟ್ಟುವವನಿಗೆ ಗಣಿತ ಬೇಕು, ಚಿತ್ರಕಲೆ ಬೇಕು, ಪಟ್ಟು ಹಿಡಿದು ಕೂರುವ ತಾಳ್ಮೆ ಬೇಕು.

ರಸ್ತೆಯ ಲೆಕ್ಕ

ಪಾಲಕರ ನಿಜವಾದ ಭಯ ಪರೀಕ್ಷೆಯದಲ್ಲ. ಪರದೆಯ ಮೇಲೆ ನೂರು ಸಲ ಕಾರು ಜಾರಿಸಿದವನು ಮನೆಯ ಬೈಕಿನ ಚಾವಿ ಸಿಕ್ಕರೆ ಏನು ಮಾಡಿಯಾನು ಎಂಬುದು. ಭಯ ಸುಳ್ಳಲ್ಲ. ಆಟದ ಮಕ್ಕಳು ಎರಡು ಸಣ್ಣ ಲೆಕ್ಕ ಮಾಡಿ ನೋಡಬೇಕು.

ಮೊದಲನೆಯದು. ತಿರುವಿನ ತ್ರಿಜ್ಯ 30 ಮೀಟರ್ ಎಂದಿಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದು ಹಿಡಿಯಿರಿ. ಜಾರದೆ ತಿರುಗಬಹುದಾದ ಗರಿಷ್ಠ ವೇಗದ ವರ್ಗವೆಂದರೆ ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತ್ರಿಜ್ಯಗಳ ಗುಣಲಬ್ಧ. 0.8, 9.8, 30 ಗುಣಿಸಿದರೆ 235. ಅದರ ವರ್ಗಮೂಲ 15.3, ಅಂದರೆ ತಾಸಿಗೆ 55 ಕಿಲೋಮೀಟರ್. ಈಗ ಅದೇ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಉದುರಿಸಿದ ಎರೆಮಣ್ಣು ನೆನೆದಿದೆ, ಘರ್ಷಣಾಂಕ 0.2ಕ್ಕೆ ಇಳಿದಿದೆ ಎನ್ನಿ. ವೇಗ 28 ಕಿಲೋಮೀಟರಿಗೆ ಇಳಿಯಿತು! ನಿನ್ನೆ ಐವತ್ತರಲ್ಲಿ ಸಲೀಸಾಗಿ ದಾಟಿದ ತಿರುವು ಇಂದು ಮೂವತ್ತಕ್ಕೇ ಕೈಕೊಡುತ್ತದೆ. ಈ ಲೆಕ್ಕದಲ್ಲಿ ವಾಹನದ ತೂಕ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿದಿರಾ? ‘ನಮ್ಮದು ಭಾರೀ ಗಾಡಿ, ಜಾರೂದಿಲ್ಲ’ ಎನ್ನುವವರಿಗೆ ಇದನ್ನು ತೋರಿಸಬೇಕು.

ನೇರ ರಸ್ತೆಯಲ್ಲೂ ಹೀಗೆಯೇ. ಅರವತ್ತು ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಾಕಿದರೆ ಒಣ ರಸ್ತೆಯಲ್ಲಿ ಸುಮಾರು 18 ಮೀಟರಿಗೆ ನಿಲ್ಲುವ ವಾಹನ, ಆ ಕೆಸರಿನಲ್ಲಿ 70 ಮೀಟರ್ ಹೋಗುತ್ತದೆ. ಎದುರಿನದನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ 17 ಮೀಟರ್ ಸೇರಿಸಿಕೊಳ್ಳಿ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಆಟದ ಕಾರು ಜಾರುತ್ತದೆ. ನಮ್ಮ ಕಡೆಯ ಕ್ರೂಸರ್, ಟ್ರ್ಯಾಕ್ಸ್‌ನಂಥ ಡೀಸೆಲ್ ಗಾಡಿಗಳು ಜಾರುವ ಮುಂಚೆಯೇ ಪಲ್ಟಿ ಹೊಡೆಯಬಹುದು. ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಅಂಕಿ ಘರ್ಷಣಾಂಕಕ್ಕಿಂತ ಹೆಚ್ಚಾಗಿದ್ದರೆ ಗಾಡಿ ಜಾರುತ್ತದೆ, ಕಡಿಮೆಯಾಗಿದ್ದರೆ ಉರುಳುತ್ತದೆ. ತಗ್ಗಾದ ಕಾರೊಂದರ ಅಗಲ ಒಂದೂವರೆ ಮೀಟರ್, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್ ಎನ್ನಿ. 0.75ನ್ನು 0.5ರಿಂದ ಭಾಗಿಸಿದರೆ 1.5. ಅದು 0.8ಕ್ಕಿಂತ ಬಹಳ ಹೆಚ್ಚು, ಕಾರು ಜಾರುತ್ತದೆಯೇ ಹೊರತು ಉರುಳದು. ಈಗ ಎತ್ತರದ ಗಾಡಿಯೊಂದರ ಅಗಲ 1.4 ಮೀಟರ್, ಒಳಗೆ ಹದಿನೈದು ಜನ, ಮೇಲೆ ಗಂಟುಮೂಟೆ, ಕೆಲವೊಮ್ಮೆ ಮೇಲೂ ನಾಲ್ಕು ಜನ! ಗುರುತ್ವ ಕೇಂದ್ರ 0.9 ಮೀಟರಿಗೆ ಏರಿತು. 0.7ನ್ನು 0.9ರಿಂದ ಭಾಗಿಸಿದರೆ 0.78. ಅದು 0.8ಕ್ಕಿಂತ ಕಡಿಮೆ. ಒಣ ರಸ್ತೆಯ ಒಳ್ಳೆಯ ಹಿಡಿತವೇ ಆ ಗಾಡಿಯನ್ನು ಉರುಳಿಸುತ್ತದೆ. ಜಾತ್ರೆಗೆ, ಮದುವೆಗೆ ಹೋದ ಗಾಡಿಗಳು ತಿರುವಿನಲ್ಲಿ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಈ ಭಾಗಾಕಾರ ನೆನಪಾಗಬೇಕು.

ಮುಚ್ಚಿದ ರಸ್ತೆಯಲ್ಲಿ, ಪಳಗಿದವರ ಕೈಯಲ್ಲೂ ಇದು ಹುಡುಗಾಟವಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರ‍್ಯಾಲಿ ನಡೆಯುತ್ತಿದ್ದ ದಾರಿಗೆ ಬೈಕೊಂದು ಬಂದುಬಿಟ್ಟಿತು. ಪಂದ್ಯದ ಕಾರು ಅದಕ್ಕೆ ಡಿಕ್ಕಿ ಹೊಡೆದು ಒಂದೇ ಕುಟುಂಬದ ಮೂವರು ತೀರಿಕೊಂಡರು.

ಕಾನೂನೂ ಈಗ ಪಾಲಕರನ್ನು ಬಿಡುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಮಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಸಿಗದು. ‘ನಮ್ಮ ಹುಡುಗ ಭಾಳ ಚಲೋ ಓಡಸ್ತಾನ್ರೀ’ ಎಂದು ಓಣಿಯಲ್ಲಿ ಹೆಮ್ಮೆಪಡುವ ಅಪ್ಪಂದಿರು ಇದನ್ನು ಎರಡು ಸಲ ಓದುವುದು ಒಳ್ಳೆಯದು.

ಹಾಗಾದರೆ ಪರದೆಯನ್ನು ಕಸಿದುಕೊಳ್ಳಬೇಕೇ? ಅದರ ಬದಲು ಜಾರಾಟವನ್ನು ಮನೆಯ ಅಂಗಳಕ್ಕೆ ತರಬಹುದು. ಒಂದು ಮೀಟರ್ ಉದ್ದದ ಮರದ ಹಲಗೆ ಬೇಕು, ಹಳೆಯ ಟೈರಿನ ಒಂದು ತುಂಡು ಬೇಕು, ಅಳತೆಪಟ್ಟಿ ಬೇಕು. ಹಲಗೆಯ ಮೇಲೆ ಟೈರಿನ ತುಂಡನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ತುಂಡು ಜಾರತೊಡಗಿದ ಕ್ಷಣಕ್ಕೆ ನಿಲ್ಲಿಸಿ. ಎತ್ತಿದ ತುದಿಯು ನೆಲದಿಂದ ಎಷ್ಟು ಎತ್ತರದಲ್ಲಿದೆ, ಅದರ ನೇರ ಕೆಳಗಿನ ಬಿಂದುವಿನಿಂದ ಹಲಗೆಯ ಇನ್ನೊಂದು ತುದಿ ಎಷ್ಟು ದೂರದಲ್ಲಿದೆ ಎಂದು ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಅದು 0.8 ಬರಬೇಕಾದರೆ ಹಲಗೆ ಸುಮಾರು 39 ಡಿಗ್ರಿ ಏಳಬೇಕು. ಒಂದೇ ಸಲ ಅಳೆದು ನಂಬಬೇಡಿ, ಐದು ಸಲ ಅಳೆದು ಸರಾಸರಿ ತೆಗೆಯಿರಿ. ಆಮೇಲೆ ಹಲಗೆಗೆ ಒಂದಿಷ್ಟು ನೆನೆದ ಎರೆಮಣ್ಣು ಸವರಿ ಮತ್ತೆ ಐದು ಸಲ ಅಳೆಯಿರಿ. ಬಂದ ಎರಡೂ ಅಂಕಿಗಳನ್ನು ಮೇಲಿನ 30 ಮೀಟರಿನ ತಿರುವಿನ ಲೆಕ್ಕಕ್ಕೆ ಹಾಕಿ, ವೇಗ ಎಷ್ಟೆಷ್ಟು ಬರುತ್ತದೆ ಎಂದು ನೋಟಬುಕ್ಕಿನಲ್ಲಿ ಬರೆದಿಡಿ. ಹಲಗೆಯ ಒಂದು ತುದಿಯನ್ನು ಎತ್ತಿ ಹಿಡಿಯಲು ತಾಯಿಯನ್ನೋ ತಂದೆಯನ್ನೋ ಕರೆಯಿರಿ, ಒಬ್ಬರಿಂದಲೇ ಹಿಡಿಯುವುದೂ ಅಳೆಯುವುದೂ ಆಗದು.